ಮುಂಭಾಗದ ನಾಲ್ಕು ಇಂಚು

ಗೋಕಾಕದ ನಮ್ಮ ಹೊಲಿಗೆ ಅಂಗಡಿಗೆ ಎರಡು ಬಾಗಿಲು. ರಸ್ತೆ ಕಡೆಯ ಬಾಗಿಲಲ್ಲಿ ನನ್ನ ಗಂಡ ಕೂಡುತ್ತಿದ್ದರು. ಗಂಡಸರ ಪ್ಯಾಂಟು, ಅಂಗಿ, ಶಾಲೆಯ ಯೂನಿಫಾರ್ಮು ಅವರ ಪಾಲು. ಓಣಿ ಕಡೆಯ ಬಾಗಿಲು ನನ್ನದು. ಬ್ಲೌಸು, ಲಂಗ, ಆಗಷ್ಟೇ ನಮ್ಮ ಕಡೆ ಬಳಕೆಗೆ ಬರುತ್ತಿದ್ದ ಪಂಜಾಬಿ ಡ್ರೆಸ್ಸು ನಾನು ಹೊಲಿಯುತ್ತಿದ್ದೆ. ನಡುವೆ ಹಳೆಯ ಸೀರೆಯ ಒಂದು ಪರದೆ. ಯಾರು ಯಾವ ಬಾಗಿಲಿಗೆ ಹೋಗಬೇಕೆಂದು ಯಾರೂ ಕೇಳುತ್ತಿರಲಿಲ್ಲ, ತಾವಾಗಿ ಹೋಗುತ್ತಿದ್ದರು. ಆ ಟೀಚರು ಮಾತ್ರ ರಸ್ತೆ ಕಡೆಯ ಬಾಗಿಲಿಗೆ ಬಂದರು.

ತೊಂಬತ್ತರ ದಶಕದ ನಡುವಿನ ಮಾತು. ಟೀಚರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೂಡಲಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ಆಟ ಕಲಿಸುತ್ತಿದ್ದರು. ಚೀಲದಿಂದ ಒಂದು ಪ್ಯಾಂಟು ತೆಗೆದು ನನ್ನ ಗಂಡನ ಮುಂದಿನ ಮೇಜಿನ ಮೇಲೆ ಹಾಸಿದರು. ಗಂಡಸರ ಪ್ಯಾಂಟು. ಕಾಲಸಂದಿಯಿಂದ ತೊಡೆಯ ಅರ್ಧದವರೆಗೆ ಹರಿದು ಹೋಗಿತ್ತು.

"ಯಾರದ್ರಿ ಇದು?" ಎಂದು ಇವರು ಕೇಳಿದರು.

"ನಂದ ರಿ."

ಇವರು ಪ್ಯಾಂಟಿನಿಂದ ಕೈ ತೆಗೆದುಬಿಟ್ಟರು. ಪರದೆಯ ಕಡೆ ತಿರುಗಿ, "ಸ್ವಲ್ಪ ಇಲ್ಲಿ ಬಾ" ಎಂದು ನನ್ನನ್ನು ಕರೆದರು. ನಾನು ಆ ಟೀಚರನ್ನು ಮೊದಲ ಸಲ ನೋಡಿದ್ದು ಹಾಗೆ.

ಅವರು ಹೇಳಿದ್ದು ಇಷ್ಟು. ಬಂಡೆ ಹತ್ತುವುದನ್ನು ಅವರು ಹಿಂದೆ ಒಂದು ಶಿಬಿರದಲ್ಲಿ ಕಲಿತಿದ್ದರು. ಈಗ ಭಾನುವಾರಗಳಲ್ಲಿ ಹತ್ತು ಹನ್ನೆರಡು ಹುಡುಗಿಯರನ್ನು ಗೋಕಾಕ ಫಾಲ್ಸಿನ ಬಾಜೂ ಇರುವ ಬಂಡೆಗಳಿಗೆ ಕರೆದುಕೊಂಡು ಹೋಗಿ, ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ ಕಟ್ಟಿ ಹತ್ತಿಸುತ್ತಿದ್ದರು. ಕೆಲವರು ಶಾಲೆಯವರು, ಕೆಲವರು ಗೋಕಾಕದ ಕಾಲೇಜಿನವರು. ಎಲ್ಲರೂ ಪಂಜಾಬಿ ಡ್ರೆಸ್ಸಿನಲ್ಲೇ ಬರುತ್ತಿದ್ದರು. ದುಪಟ್ಟಾ ತೆಗೆದಿಡಬಹುದು, ಆದರೆ ಅಗಲ ಕಾಲಿನ ಸಲ್ವಾರು ಕಲ್ಲಿನ ಮೊನೆಗೆ ಸಿಕ್ಕಿಕೊಳ್ಳುತ್ತದೆ. ಟಾಪು ಮೊಣಕಾಲಿಗೆ ಸುತ್ತಿಕೊಳ್ಳುತ್ತದೆ.

"ಹೆಣ್ಮಕ್ಕಳಿಗಂತ ಇಂಥಾ ಪ್ಯಾಂಟ ಎಲ್ಲೂ ಸಿಗೂದಿಲ್ಲರಿ ಅಕ್ಕಾರ," ಎಂದರು. "ಬೆಳಗಾವಿಯಾಗ ನೋಡೇನಿ, ಕೊಲ್ಲಾಪುರದಾಗ ನೋಡೇನಿ. ನಮ್ಮಣ್ಣನ ಪ್ಯಾಂಟ ಹಾಕ್ಕೊಂಡ ಹತ್ತತಿದ್ದೆ. ಸೊಂಟಕ್ಕ ಸರಿ ಬಂದ್ರ ಕೆಳಗ ಬಿಗಿ, ಕೆಳಗ ಸರಿ ಬಂದ್ರ ಸೊಂಟಕ್ಕ ಸಡಲ. ಹೋದ ಐತವಾರ ಹಿಂಗ ಹರೀತು."

ಅಳತೆ ತೆಗೆದುಕೊಳ್ಳಲು ಅವರನ್ನು ಪರದೆಯ ಹಿಂದಿನ ನಮ್ಮ ಅಡುಗೆಮನೆಗೆ ಕರೆದುಕೊಂಡು ಹೋದೆ. ಪ್ಯಾಂಟಿನ ಅಳತೆ ನನಗೆ ಗೊತ್ತಿರಲಿಲ್ಲ, ಹೆಂಗಸಿನ ಅಳತೆ ಇವರು ತೆಗೆಯುವಂತಿರಲಿಲ್ಲ. ಪರದೆಯ ಆಚೆಯಿಂದ ಇವರು "ಸೊಂಟ", "ಆಸನ", "ತೊಡಿ" ಎಂದು ಒಂದೊಂದೇ ಕೇಳಬೇಕು, ಈಚೆಯಿಂದ ನಾನು ಟೇಪು ಹಿಡಿದು ಅಂಕಿ ಕೂಗಬೇಕು. ಹೀಗೆ ನಡೆಯಿತು. ಎಲ್ಲ ಮುಗಿದ ಮೇಲೆ ಟೀಚರು ಒಂದು ಕಾಲೆತ್ತಿ ನೀರಿನ ಕೊಡ ಇಡುವ ಕಟ್ಟೆಯ ಮೇಲಿಟ್ಟರು. ಆ ಕಟ್ಟೆ ನನ್ನ ಸೊಂಟದ ಎತ್ತರಕ್ಕಿತ್ತು.

"ಈಗ ಅಳೀರಿ," ಎಂದರು.

ಹಿಂದಿನ ಸೊಂಟದಿಂದ ಮೊಣಕಾಲಿನವರೆಗೆ ಟೇಪು ಎಳೆದೆ. ನೆಟ್ಟಗೆ ನಿಂತಾಗಿನ ಅಳತೆಗಿಂತ ಐದು ಇಂಚು ಹೆಚ್ಚು ಬಂತು. ಕೂಗಿದೆ. ಆಚೆಯಿಂದ ಇವರು, "ತಪ್ಪೇತಿ, ಇನ್ನೊಮ್ಮೆ ನೋಡು" ಎಂದರು. ಇನ್ನೊಮ್ಮೆ ನೋಡಿದೆ. ಅಷ್ಟೇ ಬಂತು.

ನಾನು ಹತ್ತು ವರ್ಷದಿಂದ ಹೊಲಿಯುತ್ತಿದ್ದವಳು. ಎಷ್ಟೋ ಹೆಂಗಸರನ್ನು ಅಳತೆ ಮಾಡಿದ್ದೆ. ಎಲ್ಲರನ್ನೂ ಕೈ ಕೆಳಗೆ ಬಿಟ್ಟು, ಉಸಿರು ಹಿಡಿದು ನೆಟ್ಟಗೆ ನಿಲ್ಲಿಸಿಯೇ ಅಳೆದಿದ್ದೆ. ಅವರೆಲ್ಲ ಆ ಬಟ್ಟೆ ತೊಟ್ಟು ನೀರು ಸೇದುತ್ತಾರೆ, ಕಬ್ಬಿನ ಒಣ ರವದಿ ಸುಲಿಯುತ್ತಾರೆ, ಬಸ್ಸಿನ ಮೆಟ್ಟಿಲು ಹತ್ತುತ್ತಾರೆ ಎಂದು ಗೊತ್ತಿತ್ತು. ಆದರೂ ಯಾರಿಗೂ ಕೈ ಎತ್ತಿ ತೋರಿಸು, ಬಗ್ಗಿ ತೋರಿಸು ಎಂದು ಹೇಳಿರಲಿಲ್ಲ. ಬ್ಲೌಸಿನ ಬಗಲು ಬಿಚ್ಚಿಕೊಂಡು ಬಂದವರಿಗೆ, "ನೀವು ಜ್ವಾಕಿಯಿಂದ ತೊಡಬೇಕ್ರಿ" ಎಂದು ನಾನೇ ಬುದ್ಧಿ ಹೇಳಿದ್ದೂ ಉಂಟು. ಆ ದಿನ ಅಡುಗೆಮನೆಯಲ್ಲಿ ಟೇಪು ಹಿಡಿದು ನಿಂತಾಗ ನನಗೆ ಸ್ವಲ್ಪ ನಾಚಿಕೆಯಾಯಿತು.

ಕಾಲಸಂದಿಯ ಉಪಾಯ ಇವರದು. ಇವರ ತಂದೆಯೂ ಹೊಲಿಗೆಯವರೇ, ಕುಸ್ತಿ ಹಿಡಿಯುವ ಪೈಲ್ವಾನರಿಗೆ ಚಣ್ಣ ಹೊಲಿದು ಕೊಡುತ್ತಿದ್ದರು. ಎರಡು ಕಾಲು ಕೂಡುವಲ್ಲಿ ನಾಲ್ಕು ಹೊಲಿಗೆ ಒಂದೇ ಕಡೆ ಸೇರಿದರೆ ಎಳೆತವೆಲ್ಲ ಅಲ್ಲಿಗೇ ಬರುತ್ತದೆ. ಅಲ್ಲಿ ಶಂಕರಪಾಳಿ ತಿಂಡಿಯ ಹಾಗೆ ಓರೆ ಚೌಕದ ಒಂದು ತುಂಡು ಕೂಡಿಸಿದರೆ ಕಾಲು ಎಷ್ಟು ಅಗಲಿಸಿದರೂ ಬಟ್ಟೆ ಹರಿಯುವುದಿಲ್ಲ. ಇವರು ಹಳೆಯ ಒಂದು ಚಣ್ಣ ಹುಡುಕಿ ತೆಗೆದು ನನಗೆ ತೋರಿಸಿದರು. ಯೂನಿಫಾರ್ಮಿನ ದಪ್ಪ ಡ್ರಿಲ್ ಬಟ್ಟೆಯಲ್ಲಿ ಮೊದಲ ಪ್ಯಾಂಟು ತಯಾರಾಯಿತು. ಕತ್ತರಿಸಿದ್ದು ಇವರು, ಹೊಲಿದಿದ್ದು ನಾನು.

ಅದನ್ನು ತೊಟ್ಟು ಹತ್ತುವುದನ್ನು ನೋಡಲು ನಾನೂ ಒಂದು ಭಾನುವಾರ ಫಾಲ್ಸಿಗೆ ಹೋದೆ. ಚಳಿಗಾಲ. ಮಳೆಗಾಲದಲ್ಲಿ ಕೆಂಪಗೆ ಭೋರೆಂದು ಬೀಳುವ ನೀರು ಆಗ ನಾಲ್ಕು ಎಳೆಯಷ್ಟೇ ಇಳಿಯುತ್ತಿತ್ತು. ಒಣಗಿದ ಕಲ್ಲು ಇಟ್ಟಿಗೆ ಬಣ್ಣದ್ದು, ಅಂಚು ಕತ್ತಿಯ ಹಾಗೆ. ಟೀಚರು ಹತ್ತಿದರು. ಕಾಲಸಂದಿ ಹರಿಯಲಿಲ್ಲ. ಆದರೆ ಅರ್ಧ ಏರಿದವರು ಅಲ್ಲೇ ನಿಂತು ಒಂದು ಕಾಲಿನಿಂದ ಕುರುಡರ ಹಾಗೆ ತಡಕಾಡತೊಡಗಿದರು. ಇಳಿದು ಬಂದ ಮೇಲೆ ಹೇಳಿದರು: "ಪ್ಯಾಂಟಿನ ಕೆಳಗಿನ ತುದಿ ಪಾದ ಮುಚ್ಚತೈತಿ ಅಕ್ಕಾರ. ಎಲ್ಲಿ ಕಾಲ ಇಡಾಕತ್ತೇನಿ ಅಂತ ಕಾಣವಲ್ದು."

ಇಂಥವು ಕೂತು ಯೋಚಿಸಿದರೆ ಹೊಳೆಯುವುದಿಲ್ಲ. ಕಣಕಾಲಿನ ಹತ್ತಿರ ಬಿಗಿ ಮಾಡಿದೆವು. ಆಮೇಲೆ ಸೊಂಟದ ಲಾಡಿಯ ಗಂಟು ಬೆಲ್ಟಿನ ಕೆಳಗೆ ಸಿಕ್ಕಿ ಹೊಟ್ಟೆಗೆ ಒತ್ತುತ್ತದೆ ಎಂದು ತಿಳಿಯಿತು. ಲಾಡಿ ತೆಗೆದು ಪಕ್ಕಕ್ಕೆ ಚಪ್ಪಟೆ ಕೊಕ್ಕೆ ಹಚ್ಚಿದೆ. ಕಿಸೆ ಬೆಲ್ಟಿನ ಅಡಿಗೆ ಹೋಗುತ್ತಿತ್ತು, ತೊಡೆಯ ಮೇಲಕ್ಕೆ ಇಳಿಸಿದೆ. ಇನ್ನೊಂದು ಸಂಗತಿ ಟೀಚರು ತಾವಾಗಿ ಹೇಳಲಿಲ್ಲ, ನಾನೇ ಕೇಳಿದೆ. ತಿಂಗಳ ದಿನಗಳಲ್ಲಿ ಹುಡುಗಿಯರು ಹೊಟ್ಟೆನೋವು ಅಂತಲೋ ಮನೆಯಲ್ಲಿ ಕೆಲಸ ಅಂತಲೋ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಸಂಕಟ ನೋವಿನದಷ್ಟೇ ಅಲ್ಲ. ಕೆಳಗೆ ನಿಂತವರೆಲ್ಲ ತಲೆಯೆತ್ತಿ ನೋಡುತ್ತಿರುವಾಗ ಕಲೆ ಕಂಡರೆ ಏನು ಗತಿ ಎಂಬ ಹೆದರಿಕೆ. ಶಂಕರಪಾಳಿ ತುಂಡನ್ನು ಎರಡು ಪದರ ಮಾಡಿ, ಒಳಗಿನದಕ್ಕೆ ಮೆತ್ತನೆಯ ಕಪ್ಪು ಬಟ್ಟೆ ಹಾಕಿದೆ. ಇವರಿಗೆ ಕಾರಣ ಹೇಳಲಿಲ್ಲ, ಇವರು ಕೇಳಲೂ ಇಲ್ಲ.

ನನಗೇ ತಿಳಿಯಲೆಂದು ಒಮ್ಮೆ ಬಂಡೆಯ ಮರೆಯಲ್ಲಿ ಸೀರೆ ಬಿಚ್ಚಿಟ್ಟು ಟೀಚರ ಪ್ಯಾಂಟು, ಅದರ ಮೇಲಿನ ಗಿಡ್ಡ ಟಾಪು ತೊಟ್ಟೆ. ಬೆಲ್ಟು ಕಟ್ಟಿಸಿಕೊಂಡು ಆಳೆತ್ತರ ಹತ್ತಿದೆ, ಅದಕ್ಕಿಂತ ಮೇಲೆ ಧೈರ್ಯ ಸಾಲಲಿಲ್ಲ. ಆದರೆ ಅಲ್ಲಿ ಕಲ್ಲಿಗೆ ಕೆನ್ನೆ ಹಚ್ಚಿ ನಿಂತಾಗ ಒಂದು ತಿಳಿಯಿತು. ಎರಡೂ ಕೈ ಮೇಲೆ ಚಾಚಿದರೆ ಮೈಮೇಲಿನ ಟಾಪು ತಾನಾಗಿ ಮೇಲೇರುತ್ತದೆ, ಹೊಟ್ಟೆ ತೆರೆದುಕೊಳ್ಳುತ್ತದೆ, ತಣ್ಣನೆಯ ಕಲ್ಲು ತಾಗುತ್ತದೆ. ಆಗ ಎಷ್ಟೇ ಅಪಾಯದಲ್ಲಿದ್ದರೂ ಒಂದು ಕೈ ಟಾಪನ್ನು ಕೆಳಗೆ ಎಳೆಯಲು ಹೋಗುತ್ತದೆ. ನನ್ನ ಕೈಯೂ ಹೋಯಿತು.

ಹಾಗಾದರೆ ಟಾಪು ಉದ್ದ ಹೊಲಿಯೋಣ ಎಂದೆ. ಟೀಚರು ಒಪ್ಪಲಿಲ್ಲ. ಹಗ್ಗವನ್ನು ಬೆಲ್ಟಿಗೆ ಕಟ್ಟುವ ಗಂಟು ಹೊಟ್ಟೆಯ ಮುಂದೆ ಬರುತ್ತದೆ. ಮೊದಲು ಹಗ್ಗದಲ್ಲಿ ಇಂಗ್ಲಿಷಿನ ಎಂಟರ ಅಂಕಿಯಂತೆ ಒಂದು ಗಂಟು ಹಾಕಬೇಕು. ಉಳಿದ ತುದಿಯನ್ನು ಬೆಲ್ಟಿನೊಳಗೆ ತೂರಿಸಿ, ಬಂದ ದಾರಿಯಲ್ಲೇ ಇನ್ನೊಮ್ಮೆ ಹಿಂದಕ್ಕೆ ತರಬೇಕು. ಎರಡೆರಡು ಎಳೆ ಜೋಡಿಯಾಗಿ ಕಂಡರೆ ಗಂಟು ಪೂರ್ತಿಯಾಗಿದೆ ಎಂದು ಅರ್ಥ. ಒಂದೇ ಎಳೆ ಕಂಡರೆ ಆಗಿಲ್ಲ, ಭಾರ ಬಿದ್ದರೆ ಹಗ್ಗ ಬೆಲ್ಟಿನಿಂದ ಜಾರಿಬಿಡುತ್ತದೆ. "ಗಂಟ ದೂರಿಂದನ ಕಾಣಬೇಕ್ರಿ. ಕಣ್ಣಿಗೆ ಕಾಣದ ಗಂಟಿನ ಮ್ಯಾಲ ನಾ ಯಾರನ್ನೂ ಹತ್ತಸೂದಿಲ್ಲ," ಎಂದರು. ಅದಕ್ಕೇ ಟಾಪಿನ ಹಿಂಭಾಗ ಉದ್ದ ಬಿಟ್ಟು, ಮುಂಭಾಗ ಮಾತ್ರ ಬೆಲ್ಟಿನ ಮೇಲಕ್ಕೇ ನಿಲ್ಲುವಂತೆ ಕತ್ತರಿಸಿದೆ. ಹೊಟ್ಟೆ ಕಾಣುವುದಕ್ಕೆ ಆಗ ನನ್ನಲ್ಲಿ ಉತ್ತರ ಇರಲಿಲ್ಲ.

ಟೀಚರ ನಂತರ ಎಂಟು ಹುಡುಗಿಯರಿಗೆ ಹೊಲಿದೆ. ಅವರಲ್ಲಿ ಒಬ್ಬಳು ಸಂಕೇಶ್ವರದ ಜೈನರ ಮನೆಯವಳು. ಅವಳ ತಂದೆಗೆ ಅಲ್ಲಿ ಬಟ್ಟೆ ಅಂಗಡಿ. ಹುಡುಗಿ ಗೋಕಾಕದಲ್ಲಿ ಸೋದರಮಾವನ ಮನೆಯಲ್ಲಿದ್ದು ಪಿಯುಸಿ ಮೊದಲ ವರ್ಷ ಓದುತ್ತಿದ್ದಳು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ನನ್ನನ್ನು ಮರಾಠಿಯಲ್ಲಿ ಕಾಕೂ, ಚಿಕ್ಕಮ್ಮ ಎಂದು ಕರೆಯುತ್ತಿದ್ದಳು. ಮಾತು ಕಡಿಮೆ, ಕೆಲಸ ಜಾಸ್ತಿ. ಕಲ್ಲಿನ ಮೇಲೆ ಅವಳು ಹಲ್ಲಿಯ ಹಾಗೆ ಸದ್ದಿಲ್ಲದೆ ಹೋಗುವುದನ್ನು ನೋಡಲು ಚೆಂದ. ಟೀಚರಿಗೂ ಅವಳ ಮೇಲೆ ಒಂದು ತೂಕ ಹೆಚ್ಚೇ ಪ್ರೀತಿ ಇತ್ತು.

ಒಂದು ದಿನ ಅವಳ ತಂದೆ ಅವಳನ್ನು ಕರೆದುಕೊಂಡು ಓಣಿ ಕಡೆಯ ಬಾಗಿಲಿಗೆ ಬಂದರು. ಬಿಳಿ ಪೈಜಾಮ, ಬಿಳಿ ಅಂಗಿ, ಮೆಲು ದನಿ. ಪ್ಯಾಂಟನ್ನು ಒಳಮಗ್ಗುಲಾಗಿ ತಿರುವಿ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು.

"ನೀವ ಹೊಲದದ್ದೇನ ತಂಗಿ? ಚಲೋ ಹೊಲದೀರಿ. ಎರಡ ಸಾಲ ಹೊಲಿಗಿ ಹಾಕೀರಿ. ಇದರ ಬಗ್ಗೆ ನನ್ನ ತಕರಾರಿಲ್ಲ." ಆಮೇಲೆ ಟಾಪು ಎತ್ತಿಕೊಂಡರು. "ಇದು ಮುಂದ ಇಷ್ಟ ಗಿಡ್ಡ ಯಾಕ?"

ಕಾರಣ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ, ನಾನೂ ನಡುವೆ ಮಾತಾಡಲಿಲ್ಲ.

"ಬ್ಯಾರೇದವರ ಮನಿಯಾಗ ಇರಾಕಿ. ನಾಕ ಮಂದಿ ನೋಡತಾರ, ನಾಕ ಮಾತ ಅಂತಾರ. ನಾ ಹತ್ತಬ್ಯಾಡ ಅನ್ನಾಕತ್ತಿಲ್ಲ. ಮುಂದ ಒಂದ ನಾಕ ಇಂಚ ಇಳಸಿ ಕೊಡ್ರಿ, ಅಷ್ಟ."

ಹುಡುಗಿ ನನ್ನ ಮುಖ ನೋಡಿದಳು. ಅವಳಿಗೂ ಗಂಟಿನ ನಿಯಮ ಗೊತ್ತಿತ್ತು. ತಾನು ಹೇಳಲಾರದ್ದನ್ನು ನಾನು ಹೇಳಲಿ ಎಂದು ಅವಳು ಕಾದಿದ್ದಿರಬೇಕು.

"ಆಗಲಿ ರಿ ಸಾವ್ಕಾರ್ರ," ಎಂದೆ ನಾನು.

ಅದೇ ಬಣ್ಣದ ನಾಲ್ಕಿಂಚಿನ ಪಟ್ಟಿ ಕತ್ತರಿಸಿ ಮುಂಭಾಗಕ್ಕೆ ಕೂಡಿಸಿದೆ. ಅರ್ಧ ಗಂಟೆಯ ಕೆಲಸ. ಹತ್ತುವಾಗ ಅವಳು ಅದನ್ನು ಒಳಗೆ ಸಿಕ್ಕಿಸಿಕೊಳ್ಳುತ್ತಾಳೆ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಟೀಚರಿಗೆ ಹೇಳಿ ಕಳಿಸಬೇಕು ಅನ್ನಿಸಿತ್ತು. ಅವರು ಮೂಡಲಗಿಯಲ್ಲಿ, ಭಾನುವಾರ ಬಂದಾಗ ಹೇಳಿದರಾಯಿತು ಎಂದುಕೊಂಡೆ. ಭಾನುವಾರ ನಾನು ಬಂಡೆಗೆ ಹೋಗುವಷ್ಟರಲ್ಲಿ ಹತ್ತುವುದು ಶುರುವಾಗಿಬಿಟ್ಟಿತ್ತು.

ಆ ದಿನ ಎರಡು ಹಗ್ಗ ಇಳಿಬಿಟ್ಟಿದ್ದರು. ಹೊಸ ಹುಡುಗಿಯರು ಐದಾರು ಜನ ಬಂದಿದ್ದರು, ಟೀಚರು ಅವರ ಹೆಲ್ಮೆಟ್ ಕಟ್ಟುವುದರಲ್ಲಿದ್ದರು. ಸಂಕೇಶ್ವರದ ಹುಡುಗಿ ಆಗಲೇ ಅರ್ಧಕ್ಕಿಂತ ಮೇಲಿದ್ದಳು. ಕೆಳಗೆ ಇನ್ನೊಬ್ಬ ಹಳೆಯ ಹುಡುಗಿ ಅವಳ ಹಗ್ಗದ ಕೊನೆ ಹಿಡಿದಿದ್ದಳು. ನಾನು ನೋಡುತ್ತಿದ್ದುದು ಹಗ್ಗವನ್ನಲ್ಲ. ನಾನು ಕೂಡಿಸಿದ ಪಟ್ಟಿ ಹೇಗೆ ಕೂತಿದೆ, ಎಳೆಯುತ್ತಿದೆಯೋ ಹೇಗೆ ಎಂದು ಅದನ್ನೇ ನೋಡುತ್ತಿದ್ದೆ. ಹೊಲಿಯುವವರ ಕಣ್ಣು ಹಾಗೆಯೇ. ಮೂವತ್ತು ಅಡಿ ಮೇಲೆ ಇಬ್ಬರು ನಿಲ್ಲುವಷ್ಟು ಅಗಲದ ಒಂದು ಕಲ್ಲಿನ ಚಾಚು ಇತ್ತು. ಅವಳು ಅಲ್ಲಿಗೆ ಏರಿ ನಮ್ಮ ಕಡೆ ತಿರುಗಿದಾಗ ಗಾಳಿ ಬೀಸಿ ಟಾಪಿನ ಮುಂಭಾಗ ಮೇಲಕ್ಕೆ ಹಾರಿತು.

ಅದರ ಕೆಳಗೆ ಹಗ್ಗದ ಒಂದೇ ಎಳೆ ಕಂಡಿತು. ತುದಿ ಬೆಲ್ಟಿನೊಳಗೆ ತೂರಿ ಸುಮ್ಮನೆ ಜೋತಾಡುತ್ತಿತ್ತು.

ನನಗೆ ಖಾತ್ರಿ ಇರಲಿಲ್ಲ. ನಾನು ಎಷ್ಟರವಳು ಈ ವಿದ್ಯೆಯಲ್ಲಿ? ಟೀಚರ ಹತ್ತಿರ ಹೋಗಿ ಮೆಲ್ಲಗೆ, "ಟೀಚರ್ರ, ಆಕಿ ಗಂಟಿನ್ಯಾಗ ಎರಡ ಎಳಿ ಕಾಣಲಿಲ್ಲರಿ" ಎಂದೆ. ಅವರು ತಲೆ ಎತ್ತಿದರು. ಟಾಪು ಮತ್ತೆ ಇಳಿದು ಎಲ್ಲ ಮುಚ್ಚಿಹೋಗಿತ್ತು. ನನ್ನ ಮುಖ ನೋಡಿದರು. ಕೈಯಲ್ಲಿದ್ದ ಹೆಲ್ಮೆಟ್ ಕೆಳಗಿಟ್ಟರು.

ಮೇಲೆ ಮುಟ್ಟಿದವರು ಬೆನ್ನು ಹಿಂದಕ್ಕೆ ಚೆಲ್ಲಿ, ಹಗ್ಗದ ಮೇಲೆ ಭಾರ ಬಿಟ್ಟು ಕೂತು ಇಳಿಯುವುದು ವಾಡಿಕೆ. ಅವಳು ಎರಡೂ ಕೈಯಲ್ಲಿ ಹಗ್ಗ ಹಿಡಿದಾಗಿತ್ತು.

"ನಿಂದ್ರು," ಎಂದರು ಟೀಚರು. ದನಿ ಎತ್ತಿದ್ದು ಮೇಲಕ್ಕೆ ಕೇಳುವಷ್ಟು ಮಾತ್ರ. "ಈಗ ಇಳೀಬ್ಯಾಡ. ಅಲ್ಲೇ ನಿಂದ್ರು. ಹಗ್ಗ ಬಿಟ್ಟು ಕಲ್ಲ ಹಿಡಕೋ."

"ಯಾಕ್ರಿ ಟೀಚರ್?"

"ನಾನೂ ಮ್ಯಾಲ ಬರಾಕತ್ತೇನಿ. ಇವತ್ತ ಕೂಡೇ ಇಳಿಯೂಣು. ಹೊಸ ಹುಡುಗ್ಯಾರಿಗೆ ತೋರಸೂದೈತಿ."

ಹಗ್ಗ ಹಿಡಿದ ಹುಡುಗಿಗೆ, "ಎಳೀಬ್ಯಾಡ, ಅಲುಗಾಡಸಬ್ಯಾಡ, ಹಂಗ ಹಿಡಿದು ನಿಂದ್ರು" ಎಂದರು. ತಾವು ಎರಡನೇ ಹಗ್ಗ ಕಟ್ಟಿಕೊಂಡು, ಅದರ ಕೊನೆಯನ್ನು ಮತ್ತೊಬ್ಬ ಹಳೆಯ ಹುಡುಗಿಗೆ ಹಿಡಿಸಿದರು. ಗಂಟನ್ನು ಒಮ್ಮೆ ತಾವು ನೋಡಿ, ನನಗೂ ತೋರಿಸಿದರು. ಎರಡೆರಡು ಎಳೆ ಇತ್ತು. ಹತ್ತಿದರು. ಅವರು ಯಾವಾಗಲೂ ನಿಧಾನವಾಗಿ ಹತ್ತುವವರು, ಅವತ್ತೂ ನಿಧಾನವಾಗಿಯೇ ಹತ್ತಿದರು. ಮೇಲಿನಿಂದ ಹುಡುಗಿ ಅವರಿಗೆ ಏನೋ ಹೇಳುತ್ತಿದ್ದಳು, ಟೀಚರು ಅದಕ್ಕೆ ಉತ್ತರ ಕೊಡುತ್ತಿದ್ದರು. ಚಾಚಿನ ಮೇಲೆ ಟೀಚರು ಅವಳ ಬಾಜೂ ನಿಂತು, ಒಂದು ಕೈಯಿಂದ ಅವಳ ಬೆಲ್ಟು ಹಿಡಿದು, ಇನ್ನೊಂದು ಕೈಯಿಂದ ಟಾಪು ಎತ್ತಿದರು. ಆಮೇಲೆ ಗಂಟು ಕಟ್ಟುವುದು ಕಂಡಿತು.

ಇಬ್ಬರೂ ಇಳಿದರು. ನಡೆದದ್ದನ್ನು ಹುಡುಗಿ ಹೇಳಿದಳು. ಗಂಟು ಹಾಕುವ ನಡುವೆ ಯಾರೋ ಹೊಸಬಳು ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಡು ಎಂದಳಂತೆ, ಕಟ್ಟಿಕೊಟ್ಟು ಬಂದವಳು ಗಂಟು ಮುಗಿದಿದೆ ಎಂದೇ ತಿಳಿದಳಂತೆ. "ಗಂಟ ಆತೇನ" ಎಂದು ಟೀಚರು ದೂರದಿಂದ ಕೇಳಿದಾಗ, "ಆತ್ರಿ" ಎಂದಿದ್ದಳು. ಹಗ್ಗ ಟಾಪಿನ ಕೆಳಗೆ ಹೋಗಿದ್ದು ಕಂಡು ಟೀಚರೂ ಒಪ್ಪಿಕೊಂಡಿದ್ದರು.

ಟೀಚರು ಟಾಪಿನ ಅಂಚು ಮಡಚಿ ನಾನು ಕೂಡಿಸಿದ ಪಟ್ಟಿಯನ್ನು ನೋಡಿದರು.

"ಇದನ್ನ ಯಾವಾಗ ಕೂಡಿಸಿದ್ರಿ ಅಕ್ಕಾರ?"

"ಈ ವಾರ ರಿ. ಅವರಪ್ಪ ಹೇಳಿದ್ರು."

"ನನಗೊಂದ ಮಾತ ಹೇಳಬೇಕಿತ್ತು."

ಅಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹಗ್ಗ ಸುತ್ತುತ್ತಾ ಅವರೇ ಮತ್ತೆ, "ನಾನೂ ಬರೇ ಬಾಯಿಲೆ ಕೇಳಿದೆ. ಕೈಲೆ ಹಿಡಿದು ನೋಡಬೇಕಿತ್ತು," ಎಂದರು. ಅವತ್ತು ಎಲ್ಲರನ್ನೂ ಬೇಗ ಮನೆಗೆ ಕಳಿಸಿದರು.

ಮರುದಿನವೇ ಸಂಕೇಶ್ವರಕ್ಕೆ ಹೋಗಿ ತಂದೆಗೆ ಹೇಳುವುದಾಗಿ ಟೀಚರು ಹೇಳಿದಾಗ ನಾನೂ ಬರುತ್ತೇನೆ ಎಂದೆ. ಬೆಳಿಗ್ಗೆ ಹೊರಡುವಾಗ ನನ್ನ ಗಂಡ, "ನೀ ಯಾಕ ಹೋಗ್ತಿ? ಏನೂ ಆಗಿಲ್ಲಲ್ಲ," ಎಂದರು. ಏನೂ ಆಗಿಲ್ಲ ಎಂಬುದು ಖರೆ. ಆದರೆ ಬೆಳಗಿನಿಂದ ನಾನು ಒಂದು ಸೂಜಿಗೂ ದಾರ ಪೋಣಿಸಿರಲಿಲ್ಲ. ಇವರು ಅದನ್ನು ನೋಡಿ ಬಸ್ಸಿನ ಚಾರ್ಜು ತೆಗೆದುಕೊಟ್ಟರು.

ಸಂಕೇಶ್ವರದ ಬಸ್ಸು ಹತ್ತಿದೆವು. ಎರಡೂ ಕಡೆ ಕಬ್ಬಿನ ಗದ್ದೆ, ಗಾಡಿಗಳು ಫ್ಯಾಕ್ಟರಿ ಕಡೆ ಸಾಲಾಗಿ ಹೋಗುತ್ತಿದ್ದವು. ಹುಕ್ಕೇರಿ ದಾಟಿದ ಮೇಲೆ ಟೀಚರು, "ಇನ್ನ ಆಕೀನ ಕಳಸೂದಿಲ್ಲ ನೋಡ್ರಿ ಅವರು," ಎಂದರು. ನಾನು ಹೂಂ ಎಂದೆ.

ಅಂಗಡಿಯಲ್ಲಿ ಅವಳ ತಂದೆ ಗಿರಾಕಿಯೊಬ್ಬರಿಗೆ ಪಾಪ್ಲಿನ್ ಅಳೆದು ಕೊಡುತ್ತಿದ್ದರು. ಗಿರಾಕಿ ಹೋಗುವವರೆಗೆ ನಮ್ಮನ್ನು ಗಾದಿಯ ಮೇಲೆ ಕೂಡಿಸಿ ನೀರು ಕೊಡಿಸಿದರು. ಟೀಚರು ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ತಮ್ಮ ತಪ್ಪನ್ನೂ ಹೇಳಿದರು. ನನ್ನದನ್ನು ಹೇಳಲಿಲ್ಲ. ಅದನ್ನು ನಾನೇ ಹೇಳಿದೆ. ಆ ಮುಂಭಾಗ ಯಾಕೆ ಗಿಡ್ಡ ಇತ್ತು, ಉದ್ದ ಮಾಡಿದ್ದಕ್ಕೆ ಏನು ಮರೆಯಾಯಿತು ಎಂದು.

ಅವರು ಅಳತೆಯ ಗಜಕೋಲನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡು ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ತಂಗಿ, ನಾ ಬಟ್ಟಿ ಮಾರಾಂವ. ಕಲ್ಲಬಂಡಿ ಹತ್ತೂದ ನನಗ ಗೊತ್ತಿಲ್ಲ. ನಿಮಗ ಗೊತ್ತಿತ್ತು. ನಾ ಇಳಸ್ರಿ ಅಂದಾಗ 'ಆಗೂದಿಲ್ಲ' ಅಂತ ಯಾಕ ಅನ್ನಲಿಲ್ಲ?"

ಕೇಳಿದ್ದು ಸಿಟ್ಟಿನಿಂದಲ್ಲ. ಅವರಿಗೆ ನಿಜಕ್ಕೂ ಉತ್ತರ ಬೇಕಿತ್ತು.

"ದೊಡ್ಡವರು ಹೇಳಿದ್ದಕ್ಕ ಆಗೂದಿಲ್ಲ ಅಂದು ರೂಢಿ ಇಲ್ಲರಿ," ಎಂದೆ.

ಅವರು ತಲೆ ಅಲ್ಲಾಡಿಸಿದರು. ಒಪ್ಪಿದರೋ ಬಿಟ್ಟರೋ ತಿಳಿಯಲಿಲ್ಲ. "ನನ್ನ ಮಗಳೂ ಬಾಜೂಕ ನಿಂತಿದ್ದಳು. ಆಕಿನೂ ಅನ್ನಲಿಲ್ಲ," ಎಂದರು. ಚಹಾ ತರಿಸಿದರು. ನಾವು ಕುಡಿದೆವು. ಹೊರಡುವಾಗ, ಇನ್ನು ಮೇಲೆ ಅವಳು ಬರುವುದಿಲ್ಲ ಎಂದು ಟೀಚರಿಗೆ ಕೈಮುಗಿದು ಹೇಳಿದರು.

ಆ ಪ್ರಶ್ನೆ ಬಹಳ ದಿನ ನನ್ನ ಜೊತೆ ಇತ್ತು. ಅವರ ಮೇಲೆ ತಪ್ಪು ಹೊರಿಸಿ ಹಗುರಾಗಬೇಕೆಂದು ಎಷ್ಟೋ ಸಲ ನೋಡಿದೆ, ಆಗಲಿಲ್ಲ. ಅವರಿಗೆ ಬೇಕಾಗಿದ್ದು ಮಗಳ ಮೈ ನಾಲ್ಕು ಜನರಿಗೆ ಕಾಣಬಾರದು ಎಂಬುದು. ಅದೇನು ಕೆಟ್ಟದ್ದಲ್ಲ, ಹುಡುಗಿಗೂ ಅದೇ ಬೇಕಿತ್ತು. ಬಂಡೆಯ ಮೇಲೆ ನನ್ನ ಕೈಯೂ ಟಾಪು ಎಳೆಯಲು ಹೋಗಿರಲಿಲ್ಲವೇ? ಟೀಚರಿಗೆ ಬೇಕಾಗಿದ್ದು ಗಂಟು ಕಾಣಬೇಕು ಎಂಬುದು. ಇಬ್ಬರು ಕೇಳಿದ್ದೂ ಸರಿಯೇ. ಎರಡನ್ನೂ ಒಂದೇ ಬಟ್ಟೆಯಲ್ಲಿ ಕೂಡಿಸುವುದು ಹೊಲಿಯುವವಳ ಕೆಲಸವಾಗಿತ್ತು. ನಾನು ಆ ಕೆಲಸ ಮಾಡದೆ, ಎದುರಿಗೆ ನಿಂತವರಿಗೆ ಹೂಂ ಅಂದಿದ್ದೆ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಇವರ ಅಜ್ಜನ ಕಾಲದ ದೊಗಲೆ ಪೈಜಾಮವೊಂದನ್ನು ಒರೆಸುವ ಬಟ್ಟೆಗೆಂದು ಹರಿಯುತ್ತಿದ್ದೆ. ಅದನ್ನು ಎದೆಯವರೆಗೆ ಎತ್ತಿ ಕಟ್ಟಿಕೊಂಡರೂ ಆಗುವಷ್ಟು ಉದ್ದ ಇತ್ತು. ಹರಿಯುವ ಕೈ ನಿಂತಿತು. ಟಾಪನ್ನು ಕೆಳಗಿಳಿಸುವ ಬದಲು ಪ್ಯಾಂಟನ್ನೇ ಮೇಲೇರಿಸಿದರೆ? ಸೊಂಟದಿಂದ ಪಕ್ಕೆಲುಬಿನವರೆಗೆ ಮೆತ್ತನೆಯ ಬಟ್ಟೆಯ ಒಂದು ಅಗಲ ಪಟ್ಟಿಯನ್ನು ಪ್ಯಾಂಟಿಗೇ ಕೂಡಿಸಿದರೆ ಮೇಲಿನ ಟಾಪು ಎಷ್ಟೇ ಏರಿದರೂ ಮೈ ಕಾಣುವುದಿಲ್ಲ. ಬೆಲ್ಟು ಪಟ್ಟಿಯ ಮೇಲೆ ಕೂಡುತ್ತದೆ, ಗಂಟು ಹೊರಗೇ ಉಳಿಯುತ್ತದೆ.

ಇವರನ್ನು ಕರೆದು ಹೇಳಿದೆ. ಇವರು ಮೇಜಿನ ಮೇಲೆ ಚಾಕ್‌ನಿಂದ ಗೆರೆ ಎಳೆದು ನೋಡಿದರು. "ಹೊಟ್ಟಿ ಮಡಚಿದಾಗ ಸುರುಳಿ ಆಗತೈತಿ. ಎರಡೂ ಬಾಜೂ ಒಂದೊಂದ ಹೊಲಿಗಿ ಹಿಡಿ," ಎಂದರು. ಅದು ಸರಿಯಾಯಿತು. ಟೀಚರು ಮೊದಲು ತೊಟ್ಟು ನೋಡಿದರು. ನಾಲ್ಕು ಭಾನುವಾರ ಹತ್ತಿ ಇಳಿದ ಮೇಲೆ, "ಇದು ನೆನಪ ಆಗೂದಿಲ್ಲ ಅಕ್ಕಾರ, ಮೈಮ್ಯಾಲ ಐತಿ ಅಂತ," ಎಂದರು. ನನ್ನ ಕೆಲಸಕ್ಕೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಮುಂದೆಯೂ ಸಿಗಲಿಲ್ಲ.

ಹುಡುಗಿಯ ಅಳತೆ ನನ್ನ ವಹಿಯಲ್ಲಿತ್ತು. ಅವಳಿಗೂ ಒಂದು ಹೊಲಿದು, ಸೋದರಮಾವನ ಕೈಯಲ್ಲಿ ಸಂಕೇಶ್ವರಕ್ಕೆ, ಅವಳ ತಂದೆಗೆ ಕಳಿಸಿದೆ. ಚೀಟಿ ಬರೆಯಲಿಲ್ಲ. ಬಟ್ಟೆ ಬಲ್ಲವರು ನೋಡಿದರೆ ತಿಳಿಯುತ್ತದೆ ಎಂದುಕೊಂಡೆ. ತಿಂಗಳುಗಟ್ಟಲೆ ಸುದ್ದಿ ಇಲ್ಲ. ಮಳೆಗಾಲ ಬಂದು ಹೋಯಿತು. ಮತ್ತೆ ಬಂಡೆ ಒಣಗುವ ಹೊತ್ತಿಗೆ ಅವಳ ತಂದೆ ಒಬ್ಬರೇ ಅಂಗಡಿಗೆ ಬಂದರು. ಕಂಕುಳಲ್ಲಿ ಆ ಪ್ಯಾಂಟು, ಜೊತೆಗೆ ಒಂದು ಸುತ್ತು ಬಟ್ಟೆ.

"ಈ ಪಟ್ಟಿಗೆ ನೀವ ಹಾಕಿದ ಬಟ್ಟಿ ಸರಿ ಇಲ್ಲ," ಎಂದರು. "ಬೆವರ ಹಿಡಿದು ತಣ್ಣಗ ಕೂಡತೈತಿ. ಇದನ್ನ ಹಾಕ್ರಿ, ಬನಿಯನ್ ಬಟ್ಟಿ. ಹಿಗ್ಗತೈತಿ, ಲಗೂ ಒಣಗತೈತಿ."

ಬಟ್ಟೆಯನ್ನು ಕೈಯಲ್ಲಿ ಎಳೆದು ನೋಡಿದೆ. ಅವರು ಹೇಳಿದ್ದು ಸರಿಯಿತ್ತು. ಆದರೆ ಅದು ತೀರ ತೆಳು.

"ಒಂದ ಪದರ ಆಗೂದಿಲ್ಲರಿ ಸಾವ್ಕಾರ್ರ," ಎಂದೆ. "ಕಲ್ಲಿಗೆ ತಿಕ್ಕಿ ಹರಿತೈತಿ. ಎರಡ ಪದರ ಹಾಕ್ತೇನಿ."

"ಹಾಕ್ರಿ," ಎಂದರು.

ಅವಳು ಪಿಯುಸಿ ಮುಗಿಯುವವರೆಗೆ ಹತ್ತಿದಳು. ಆಮೇಲೆ ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದಳು, ಭಾನುವಾರಗಳು ಸಿಗದಾದವು. ಓದು ಮುಗಿಸಿ ಅಲ್ಲೇ ಹತ್ತಿರ ಕಲಿಸುವ ಕೆಲಸಕ್ಕೆ ನಿಂತಳು. ದೀಪಾವಳಿಗೆ ಸೋದರಮಾವನ ಮನೆಗೆ ಬಂದಾಗ ನಮ್ಮಲ್ಲಿಗೂ ಬರುತ್ತಿದ್ದಳು. ಆ ಭಾನುವಾರದ ಬಗ್ಗೆ ಒಮ್ಮೆ ಮಾತ್ರ ಮಾತಾಡಿದಳು. "ಚಾಚಿನ ಮ್ಯಾಲ ಟೀಚರ್ ನನ್ನ ಬೆಲ್ಟ ಹಿಡಿದಿದ್ರಲ್ಲ ಕಾಕೂ, ಅವರ ಕೈ ಥರಥರ ನಡಗಾಕತ್ತಿತ್ತು. ಆವಾಗ ನನಗ ತಿಳೀತು," ಎಂದಳು. ಕೆಳಗಿನಿಂದ ನೋಡಿದವರಿಗೆ ಅದು ಕಂಡಿರಲಿಲ್ಲ.

ಹತ್ತು ವರ್ಷದಲ್ಲಿ ನಾನು ಅಂಥ ಪ್ಯಾಂಟು ಎಷ್ಟು ಹೊಲಿದೆನೋ ಲೆಕ್ಕ ಇಟ್ಟಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹುಡುಗಿಯರಿಗೆ, ಆಮೇಲೆ ಬೆಳಗಾವಿಯ ಒಂದಿಬ್ಬರಿಗೆ. ಖೋಖೋ ಆಡುವವರು ಬಂದರು, ಹತ್ತರಗಿಯ ಕಡೆಯಿಂದ ಸೈಕಲ್ ರೇಸಿನ ಒಬ್ಬಳು ಬಂದಳು. ಒಬ್ಬೊಬ್ಬರ ಆಟ ಒಂದೊಂದು ಕಡೆ ಎಳೆಯುತ್ತದೆ. ಹೊಸಬರು ಬಂದಾಗಲೆಲ್ಲ ಮೊದಲು ಅವರು ಆಡುವ ಜಾಗಕ್ಕೆ ಒಮ್ಮೆ ಹೋಗಿ ನೋಡಿಬರುವುದು ರೂಢಿಯಾಯಿತು.

ಎರಡು ಸಾವಿರದ ಇಸವಿಯ ನಂತರ ನಾಲ್ಕಾರು ವರ್ಷಕ್ಕೆ ಸಿದ್ಧ ಉಡುಪು ಬರತೊಡಗಿತು. ಅಷ್ಟರಲ್ಲಿ ಟೀಚರಿಗೆ ದೂರದ ಊರಿಗೆ ವರ್ಗವಾಗಿತ್ತು. ಒಂದು ರಜೆಯಲ್ಲಿ ಬಂದವರು ಹೊರದೇಶದ ಒಂದು ಪ್ಯಾಂಟು ತಂದರು, ಹೆಂಗಸರು ಬಂಡೆ ಹತ್ತಲೆಂದೇ ಮಾಡಿದ್ದು. ಯಾರೋ ಪರಿಚಯದವರು ಕೊಟ್ಟಿದ್ದಂತೆ. ಬಟ್ಟೆ ರಬ್ಬರಿನಂತೆ ಹಿಗ್ಗುತ್ತಿತ್ತು, ತೂಕವೇ ಇರಲಿಲ್ಲ. ನಾವು ಮೂವರೂ ಅದನ್ನು ಮೇಜಿನ ಮೇಲೆ ಹಾಸಿ ಒಳಮಗ್ಗುಲು ತಿರುವಿ ನೋಡಿದೆವು. ಮೊಣಕಾಲಿನ ಹತ್ತಿರ ನಾವು ಯಾವತ್ತೂ ಯೋಚಿಸಿರದ ಒಂದು ಮಡಿಕೆ ಇತ್ತು, ಕಾಲು ಮಡಚಿದಾಗ ತಾನೇ ತೆರೆದುಕೊಳ್ಳುವಂಥದ್ದು. ಇವರು ಕನ್ನಡಕ ಏರಿಸಿ ಅದನ್ನು ತೆರೆದು ಮುಚ್ಚಿ ನೋಡಿದರು.

"ಹೆಂಗ ಹೊಲದಾರ ಇದನ್ನ?" ಎಂದರು.

ನನಗೂ ಹೊಲಿಗೆಯ ಮೊದಲು ಕೊನೆ ತಿಳಿಯಲಿಲ್ಲ. ಟೀಚರು ಹೊರಡುವಾಗ ಪ್ಯಾಂಟನ್ನು ಮೇಜಿನ ಮೇಲೆಯೇ ಬಿಟ್ಟರು. "ಇಟ್ಕೋರಿ. ಬೇಕಾದ್ರ ಬಿಚ್ಚಿ ನೋಡ್ರಿ," ಎಂದರು. ಅಂಥದ್ದನ್ನು ಕೆಡಿಸಲು ನನಗೆ ಎರಡು ದಿನ ಮನಸ್ಸಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಬೆಳಕು ಚೆನ್ನಾಗಿ ಬೀಳುವಲ್ಲಿ ಕುಳಿತು, ಎಡಗಾಲಿನ ಮಡಿಕೆಯನ್ನು ಒಂದೊಂದೇ ಹೊಲಿಗೆಯಾಗಿ ಬಿಚ್ಚತೊಡಗಿದೆ.